ಈ ಎಣ್ಣೆ ಬಂದಿದ್ದೆಲ್ಲಿಂದ?

ಮರಳಿನ ಮೇಲೆ ಸತ್ತುಬಿದ್ದ ಕಡಲಹಕ್ಕಿ. ರೆಕ್ಕೆಪೂರ್ತಿ ಕಪ್ಪು ಎಣ್ಣೆ. ಕಡಲಿನತ್ತ ನೋಡಿದರೆ ಒಡೆದ ಹಡಗು ಒಂದೂ ಕಾಣುವುದಿಲ್ಲ.

1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕರಾವಳಿಯಲ್ಲಿ ಎಷ್ಟೋ ಚಳಿಗಾಲ ಹೀಗೇ ಆಯಿತು.

1993ರಲ್ಲಿ ಅಲ್ಲಿ 'ಬೀಚ್ ವಾಚ್' ಎಂಬ ಕಾರ್ಯಕ್ರಮ ಶುರುವಾಯಿತು. ದಡ ಕಾಯಲು ಬಂದ ಸ್ವಯಂಸೇವಕರಿಗೆ ಮೊದಲು ತರಬೇತಿ. ಕೊಳೆತ ಹಕ್ಕಿ ಸಿಕ್ಕರೂ ಅದು ಯಾವ ಜಾತಿಯದು ಎಂದು ಗುರುತಿಸಬೇಕು. ಎಣ್ಣೆ ಗಟ್ಟಿಯಾಗಿ ಆದ ಟಾರಿನ ಉಂಡೆ ಕಂಡರೆ ಎಲ್ಲಿ, ಎಷ್ಟು ಎಂದು ಬರೆದುಕೊಳ್ಳಬೇಕು, ಫೋಟೋ ತೆಗೆಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆಯೇ ಇದೆ. ಎಣ್ಣೆ ಬಂದಾಗ ಮಾತ್ರ ಓಡಿಬಂದರೆ ಸಾಲದು! ಏನೂ ಆಗದ ದಿನಗಳಲ್ಲೂ ಅದೇ ದಡದಲ್ಲಿ ಮತ್ತೆ ಮತ್ತೆ ನಡೆಯಬೇಕು. ಏನೂ ಸಿಗಲಿಲ್ಲವೇ? 'ಏನೂ ಇಲ್ಲ' ಎಂದೇ ದಾಖಲಿಸಬೇಕು. ಮಾಮೂಲಿಯಾಗಿ ಎಷ್ಟು ಹಕ್ಕಿ ಸಾಯುತ್ತವೆ ಎಂಬುದೇ ತಿಳಿಯದಿದ್ದರೆ, ಎಣ್ಣೆ ಎಷ್ಟನ್ನು ಕೊಂದಿತು ಅಂತ ಲೆಕ್ಕ ಹಾಕುವುದು ಹೇಗೆ? ನನ್ನ ಮಟ್ಟಿಗೆ, ಆ ಖಾಲಿ ದಿನಗಳ ನಡಿಗೆಗೇ ಹೆಚ್ಚು ಬೆಲೆ.

2002ರಲ್ಲಿ ಗುಟ್ಟು ಬಯಲಾಯಿತು. ಪ್ರಯೋಗಾಲಯದಲ್ಲಿ ಎಣ್ಣೆಯ ರಾಸಾಯನಿಕ ಗುರುತು ತಾಳೆಯಾಯಿತು. ಅದು 1953ರಲ್ಲಿ ಡಿಕ್ಕಿಯಾಗಿ ಮುಳುಗಿದ್ದ 'ಜೇಕಬ್ ಲಕೆನ್‌ಬಾಕ್' ಹಡಗಿನದು! ಸುಮಾರು ಅರ್ಧ ಶತಮಾನ ಕಡಲ ತಳದಲ್ಲಿದ್ದ ಹಡಗು, ಬಿರುಗಾಳಿಯ ಚಳಿಗಾಲದಲ್ಲಿ ಎಣ್ಣೆ ಕಕ್ಕುತ್ತಿತ್ತು. 1990ರಿಂದ 2003ರವರೆಗೆ 50,000ಕ್ಕೂ ಹೆಚ್ಚು ಹಕ್ಕಿಗಳು ಸತ್ತಿರಬೇಕೆಂದು ಅಂದಾಜು.

ಮುಳುಗುಗಾರರು 1 ಲಕ್ಷ ಗ್ಯಾಲನ್‌ಗೂ ಹೆಚ್ಚು ಎಣ್ಣೆ ಹೊರತೆಗೆದರು. ತೆಗೆಯಲಾಗದೆ ಉಳಿದದ್ದನ್ನು ಹಡಗಿನೊಳಗೇ ಭದ್ರವಾಗಿ ಮುಚ್ಚಿಬಂದರು.