ಒಬ್ಬ ವಿದ್ಯಾರ್ಥಿಗೆ ಒಂದೇ ಸಾಲು

ಸುವರ್ಣ ಮಹೋತ್ಸವದ ಅಂಗವಾಗಿ ಹಳೆವಿದ್ಯಾರ್ಥಿಗಳ ಯಾದಿಯನ್ನು ಸಿದ್ಧಪಡಿಸುವ ಹೊಣೆಯನ್ನು ಸಮಿತಿಯವರು ನನಗೆ ವಹಿಸಿದಾಗ, ಅದು ಕೇವಲ ನಕಲು ಮಾಡುವ ಕೆಲಸವೆಂದೇ ಭಾವಿಸಿದ್ದೆ. ಆದರೆ ಹಳೆಯ ಅಂಕಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ಒಂದರಿಂದ ಏಳರವರೆಗೆ ಓದಿದ ಹುಡುಗ ಏಳು ಸಾಲುಗಳಲ್ಲಿ ಕಾಣಿಸಿಕೊಂಡ. ಸಾಲುಗಳನ್ನು ಎಣಿಸಿದರೆ ವಿದ್ಯಾರ್ಥಿಗಳ ಲೆಕ್ಕ ಸಿಗದು. ಆ ಏಳನ್ನೂ ಒಂದೇ ಸಾಲಿಗೆ ತಂದು, ತರಗತಿಗಳನ್ನು ಅಡ್ಡಲಾಗಿ ಅಂಕಣಗಳಾಗಿ ಹರಡಬೇಕು.

ಸಂಖ್ಯಾಶಾಸ್ತ್ರ ಓದಿದ ನನ್ನ ಮೊಮ್ಮಗಳು ಇದಕ್ಕೆ ‘ಆರ್’ ಎಂಬ ಉಚಿತ ತಂತ್ರಾಂಶವನ್ನು ಬಳಸಿದಳು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬವರು 1990ರ ದಶಕದಲ್ಲಿ ರೂಪಿಸಿದ್ದು ಅದು. ಅದರ ‘ಪಿವಟ್ ವೈಡರ್’ ಎಂಬ ಆದೇಶಕ್ಕೆ ಮೂರು ಸಂಗತಿಗಳನ್ನು ತಿಳಿಸಬೇಕು: ವ್ಯಕ್ತಿಯ ಗುರುತು ಯಾವುದು, ಹೊಸ ಅಂಕಣಗಳ ಹೆಸರು ಎಲ್ಲಿಂದ ಬರಬೇಕು, ಅವುಗಳೊಳಗೆ ಏನನ್ನು ತುಂಬಬೇಕು.

ಗುರುತಿಗೆ ಹೆಸರೇ ಸಾಕೆಂದು ಹಟ ಹಿಡಿದವನು ನಾನು. ನಾಲ್ಕನೆಯ ತರಗತಿಯ ಒಂದು ಮನೆಯಲ್ಲಿ ಎರಡು ಅಂಕಗಳು ಕೂಡಿಕೊಂಡಿವೆಯೆಂದು ಯಂತ್ರವು ಎಚ್ಚರಿಸಿತು. ‘ಸ್ಟಾಟಾ’ ಎಂಬ ತಂತ್ರಾಂಶವಾದರೆ ಇಂತಹ ಕಡೆ ಮುಂದುವರಿಯದೆ ನಿಂತೇಬಿಡುತ್ತದಂತೆ. ನಾನೋ, ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳೆಂದು ಹೇಳಿಬಿಟ್ಟೆ. ಸಾಲು ಅಚ್ಚುಕಟ್ಟಾಯಿತು, ಒಬ್ಬ ಹುಡುಗಿ ಅಳಿದುಹೋದಳು. ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬಾಕೆ ಏಳನೆಯವರೆಗೆ ಓದಿದವಳು, ಇನ್ನೊಬ್ಬಾಕೆ ತಮ್ಮಂದಿರನ್ನು ನೋಡಿಕೊಳ್ಳಲೆಂದು ನಾಲ್ಕಕ್ಕೇ ಶಾಲೆ ಬಿಟ್ಟವಳು. ಹಿಂದಿನ ಬೆಂಚಿನ ಆ ಮುಖ ನನಗೆ ನೆನಪಿದ್ದುದರಿಂದ ಮಾತ್ರ ತಪ್ಪು ತಿಳಿಯಿತು.

ಬಳಿಕ ದಾಖಲಾತಿ ಸಂಖ್ಯೆಯನ್ನೇ ಗುರುತಾಗಿಸಿಕೊಂಡೆವು. ಅನುತ್ತೀರ್ಣರಾಗಿ ಒಂದೇ ತರಗತಿಯಲ್ಲಿ ಎರಡು ವರ್ಷ ಕುಳಿತವರಿಗೆ ಮೊದಲ ಸಲ, ಎರಡನೆಯ ಸಲ ಎಂದು ಬೇರೆ ಬೇರೆ ಅಂಕಣ ಮಾಡಿದೆವು. ಶಾಲೆ ಬಿಟ್ಟವರ ಮುಂದಿನ ಮನೆಗಳನ್ನು ಖಾಲಿ ಬಿಟ್ಟೆವು. ಸೊನ್ನೆ ಬರೆದರೆ ಪರೀಕ್ಷೆಗೆ ಕುಳಿತು ಸೊನ್ನೆ ಪಡೆದಂತಾಗಿ ಸರಾಸರಿಯೂ ಕೆಡುತ್ತದೆ. ವರ್ಗಾವಣೆ ಪತ್ರ ಪಡೆದು ಹೋಗಿ ಮರಳಿ ಸೇರಿದವರಿಗೆ ಎರಡು ದಾಖಲಾತಿ ಸಂಖ್ಯೆಗಳಿದ್ದವು. ಮಲಯಾಳದಲ್ಲಿ ಬರೆದ ಪತ್ರಗಳಲ್ಲಿ ಹೆಸರಿನ ಕಾಗುಣಿತವೂ ಬೇರೆ. ಅಲ್ಲಿ ಯಂತ್ರವನ್ನು ಬದಿಗಿರಿಸಿ, ತಂದೆಯ ಹೆಸರು, ಮನೆಯ ಹೆಸರು, ಜನ್ಮದಿನಾಂಕ ನೋಡಿ ಕೈಯಿಂದಲೇ ಜೋಡಿಸಿದೆವು.

ನಾಲ್ಕಕ್ಕೆ ಬಿಟ್ಟ ಆ ಹುಡುಗಿಗೆ ಈಗ ತನ್ನದೇ ಸಾಲಿದೆ. ಅದರಲ್ಲಿ ವಿಳಾಸದ ಮನೆ ಮಾತ್ರ ಖಾಲಿ. ಅವಳ ತರಗತಿಯಲ್ಲಿ ಓದಿದವರು ಯಾರಾದರೂ ಬಲ್ಲಿರಾದರೆ ಶಾಲಾ ಕಚೇರಿಗೆ ದಯವಿಟ್ಟು ತಿಳಿಸಬೇಕು.