ಆದಾಯ ತೆರಿಗೆ ನೋಟೀಸು ಬಂದರೆ ರೈತರು ಮಾಡಬೇಕಾದುದೇನು?

ಬೇಸಾಯದ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲವೆಂಬುದು ರೈತರೆಲ್ಲರಿಗೂ ತಿಳಿದ ವಿಷಯ. ಆದುದರಿಂದ ಇಲಾಖೆಯ ನೋಟೀಸು ಬಂದಾಗ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಮೂಲೆಗಿಡುವವರುಂಟು. ನಷ್ಟಕ್ಕೆ ದಾರಿಯಾಗುವುದು ಈ ಮೌನವೇ. ವಿನಾಯಿತಿ ಇರುವುದು ನಿಜ; ಆದರೆ ಹಣ ಬೇಸಾಯದಿಂದಲೇ ಬಂದುದೆಂದು ತೋರಿಸಿಕೊಡುವ ಹೊಣೆ ರೈತನದು.

ನೋಟೀಸು ಏಕೆ ಬರುತ್ತದೆ?

ಮೂರು ಎಕರೆ ಅಡಿಕೆ ತೋಟವಿರುವ ಒಬ್ಬ ರೈತರು ಎರಡು ವರ್ಷದ ಫಸಲಿನ ಹಣ 12 ಲಕ್ಷ ರೂಪಾಯಿಯನ್ನು ಮಗಳ ಮದುವೆಗೆಂದು ಒಂದೇ ವರ್ಷದಲ್ಲಿ ನಗದಾಗಿ ಬ್ಯಾಂಕಿಗೆ ಕಟ್ಟಿದರೆಂದು ಇಟ್ಟುಕೊಳ್ಳೋಣ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಬಂದರೆ ಬ್ಯಾಂಕು ಅದನ್ನು ಇಲಾಖೆಗೆ ವರದಿ ಮಾಡಬೇಕು. ರಿಟರ್ನು ಸಲ್ಲಿಸಿಲ್ಲದಿದ್ದರೆ ಹಣದ ಮೂಲ ಕೇಳಿ ನೋಟೀಸು ಬರಬಹುದು. ಉತ್ತರ ಬಾರದಿದ್ದಲ್ಲಿ ಅಧಿಕಾರಿಯು 1961ರ ಕಾಯಿದೆಯ 144ನೇ ಕಲಮಿನಂತೆ ತಮಗೆ ತೋರಿದ ಮಟ್ಟಿಗೆ ತೆರಿಗೆ ನಿರ್ಧರಿಸಬಹುದು. ಮೂಲ ತೋರಿಸದ ಹಣಕ್ಕೆ 2017-18ನೇ ಕರನಿರ್ಧಾರಣ ವರ್ಷದಿಂದ ಈ ಕಾಯಿದೆಯಲ್ಲಿ ಶೇಕಡ 60ರ ದರ. ಅದರ ಮೇಲೆ ಅಧಿಭಾರ, ಸೆಸ್ ಬೇರೆ. ತೆರಿಗೆಯೇ ಇಲ್ಲದ ಅಡಿಕೆಯ ಹಣಕ್ಕೆ ಹೀಗೆ ಅರ್ಧಕ್ಕಿಂತ ಹೆಚ್ಚು ಕೈಬಿಟ್ಟುಹೋಗುವ ಸಂದರ್ಭ ಬರುತ್ತದೆ.

ಯಾವುದು ಕೃಷಿ ಆದಾಯ?

ಭೂಮಿ ಉತ್ತು, ಬಿತ್ತಿ, ನೆಟ್ಟು ಬೆಳೆದುದರ ಆದಾಯ ಕೃಷಿ ಆದಾಯ. ಬೆಳೆಯನ್ನು ಪೇಟೆಗೆ ಒಯ್ಯಲು ರೈತರು ಸಾಮಾನ್ಯವಾಗಿ ಮಾಡುವ ಒಕ್ಕಣೆ, ಒಣಗಿಸುವಿಕೆ, ಸುಲಿಯುವಿಕೆಯೂ ಇದರಲ್ಲಿ ಸೇರುತ್ತದೆ. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವೂ ಕೃಷಿ ಆದಾಯವೇ. ಆದರೆ ಹೈನುಗಾರಿಕೆ, ಕೋಳಿ ಸಾಕಣೆಯ ಆದಾಯ ಇದರಲ್ಲಿ ಸೇರದು. ಹಿಪ್ಪುನೇರಳೆ ಬೆಳೆಯುವುದು ಕೃಷಿಯಾದರೂ, ಆ ಸೊಪ್ಪು ತಿನ್ನಿಸಿ ಪಡೆದ ರೇಷ್ಮೆಗೂಡಿನ ಆದಾಯ ಕೃಷಿ ಆದಾಯವಲ್ಲವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಆದುದರಿಂದ ಎರಡು ಬಗೆಯ ಆದಾಯವಿರುವವರು ಲೆಕ್ಕವನ್ನು ಬೇರೆಬೇರೆಯಾಗಿ ಇಡತಕ್ಕದ್ದು.

ಮೊದಲು ಮಾಡಬೇಕಾದ ಕೆಲಸ

ಈಗ ನೋಟೀಸುಗಳು ಹೆಚ್ಚಾಗಿ ಅಂಚೆಯಲ್ಲಿ ಬರುವುದಿಲ್ಲ. ಪಾನ್ ಸಂಖ್ಯೆಯೊಂದಿಗೆ ನೋಂದಾಯಿಸಿದ ಇ-ಮೇಲ್‌ಗೂ ಇಲಾಖೆಯ ಜಾಲತಾಣದ ಖಾತೆಗೂ ಬರುತ್ತವೆ. ಪಾನ್ ಕಾರ್ಡು ಮಾಡಿಸಿಕೊಟ್ಟ ಅಂಗಡಿಯವರ ಇ-ಮೇಲ್ ಅಲ್ಲಿದ್ದರೆ ನಿಮಗೆ ಸುದ್ದಿಯೇ ಮುಟ್ಟದು. ನಿಮ್ಮ ಅಥವಾ ಮನೆಯವರ ಫೋನು ಮತ್ತು ಇ-ಮೇಲ್ ಇರುವಂತೆ ಕೂಡಲೇ ತಿದ್ದಿಸಿಕೊಳ್ಳಿ.

2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಗುರುತು ಸಂಖ್ಯೆ ಇರುತ್ತದೆ. ಪತ್ರ ನಿಜವೋ ಮೋಸವೋ ಎಂಬುದನ್ನು ಜಾಲತಾಣದಲ್ಲಿ ಆ ಸಂಖ್ಯೆಯಿಂದ ನೋಡಿಕೊಳ್ಳಬಹುದು. ಅನಂತರ ಕಲಮು, ವರ್ಷ, ಉತ್ತರಕ್ಕೆ ಕೊನೆಯ ದಿನ, ಈ ಮೂರನ್ನು ಬರೆದಿಟ್ಟುಕೊಳ್ಳಿ. 142(1) ಮಾಹಿತಿ ಕೇಳುವ ನೋಟೀಸು; 143(2) ರಿಟರ್ನಿನ ಪರಿಶೀಲನೆಯದು; 148ಎ ಹಳೆಯ ವರ್ಷದ ಲೆಕ್ಕ ತೆರೆಯುವ ಮುನ್ನ ಕಾರಣ ಕೇಳುವುದು. ಈ ಕೊನೆಯದಕ್ಕೆ ದಾಖಲೆ ಸಹಿತ ಉತ್ತರ ಕೊಟ್ಟರೆ ವಿಚಾರಣೆ ಅಲ್ಲಿಗೇ ನಿಲ್ಲುವ ಅವಕಾಶವಿದೆ.

2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಅನ್ವಯ. ಅದರಲ್ಲಿಯೂ ಕೃಷಿ ಆದಾಯದ ವಿನಾಯಿತಿ ಇದೆ, ಆದರೆ ಕಲಮುಗಳ ಸಂಖ್ಯೆ ಬೇರೆ. ಹಿಂದಿನ ವರ್ಷಗಳ ವಿಚಾರಣೆ 1961ರ ಕಾಯಿದೆಯಂತೆಯೇ ನಡೆಯುತ್ತದೆ.

ಸಂಗ್ರಹಿಸಬೇಕಾದ ದಾಖಲೆಗಳು

1. ಆ ವರ್ಷಗಳ ಪಹಣಿ, ಅದರಲ್ಲಿ ಬೆಳೆಯ ನಮೂದು ಸಹಿತ. ಗೇಣಿಗೆ ಮಾಡಿದ್ದರೆ ಕರಾರು ಪತ್ರ.
2. ಮಂಡಿ, ಎ.ಪಿ.ಎಂ.ಸಿ. ಅಥವಾ ಸಹಕಾರ ಸಂಘದ ಮಾರಾಟದ ಪಟ್ಟಿಗಳು.
3. ಗೊಬ್ಬರ, ಔಷಧಿ, ಕೂಲಿಯ ಲೆಕ್ಕ. ಬೆಳೆ ಸಾಲದ ಕಾಗದಗಳು.
4. ಬ್ಯಾಂಕಿನ ಪಾಸು ಪುಸ್ತಕ.

ಮಾರಾಟದ ದಿನಕ್ಕೂ ಹಣ ಕಟ್ಟಿದ ದಿನಕ್ಕೂ ಅಂತರವಿದ್ದರೆ, ಆ ನಡುವೆ ಹಣ ಎಲ್ಲಿತ್ತೆಂಬುದನ್ನು ವಿವರಿಸಿ. ಇನ್ನೊಂದು ಎಚ್ಚರಿಕೆ: 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದೇ ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಅಷ್ಟು ಮಾಲನ್ನು ಮಾರಿದಾಗ ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ.

ಯಾರ ನೆರವು ಪಡೆಯಬಹುದು?

ವಕೀಲರು, ಚಾರ್ಟರ್ಡ್ ಅಕೌಂಟೆಂಟರು ಮಾತ್ರವಲ್ಲದೆ, ಲಿಖಿತ ಅಧಿಕಾರ ಪಡೆದ ಬಂಧುವೂ ಇಲಾಖೆಯ ಮುಂದೆ ನಿಮ್ಮ ಪರವಾಗಿ ಉತ್ತರಿಸಬಹುದು. ಫೀಜನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸಲ್ಲಿಸಿದ ಪ್ರತಿಯೊಂದು ಉತ್ತರದ ನಕಲನ್ನೂ ಸ್ವೀಕೃತಿಯನ್ನೂ ಕೇಳಿ ಪಡೆಯಿರಿ.

ಹಣವಿಲ್ಲದವರು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಪ್ರಕೃತಿ ವಿಕೋಪಕ್ಕೆ ಸಿಕ್ಕವರು ಹಾಗೂ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ನ್ಯಾಯಾಲಯಗಳಲ್ಲದೆ ನ್ಯಾಯಮಂಡಳಿಗಳಿಗೂ ಇದು ಅನ್ವಯಿಸುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 15100ಕ್ಕೆ ಫೋನು ಮಾಡಿಯೂ ವಿಚಾರಿಸಬಹುದು.

ಮೇಲ್ಮನವಿ

ಆದೇಶ ಸರಿಯಿಲ್ಲವೆನಿಸಿದರೆ ತಗಾದೆಯ ನೋಟೀಸು ಮುಟ್ಟಿದ 30 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ) ನಮೂನೆ 35ರಲ್ಲಿ ಮನವಿ ಸಲ್ಲಿಸಬೇಕು. 1961ರ ಕಾಯಿದೆಯಲ್ಲಿ ಇದರ ಶುಲ್ಕ 250ರಿಂದ 1,000 ರೂಪಾಯಿ ಮಾತ್ರ. ತಡವಾಗಿದ್ದರೆ ಸಕಾರಣ ತಿಳಿಸಿ ಕ್ಷಮೆ ಕೋರಬಹುದು. ನೋಟೀಸು ಬೇರೆಯವರ ಇ-ಮೇಲ್‌ಗೆ ಹೋಗಿದ್ದರೆ ಅದನ್ನೂ ಬರೆಯಿರಿ. ಮೊದಲ ವಿಚಾರಣೆಯಲ್ಲಿ ಕೊಡದ ದಾಖಲೆಯನ್ನು ಇಲ್ಲಿ ಕೊಡಲು ತಕ್ಕ ಕಾರಣ ಹೇಳಬೇಕಾಗುತ್ತದೆ. ಆದುದರಿಂದ ಮೊದಲೇ ಎಲ್ಲವನ್ನೂ ಸಲ್ಲಿಸುವುದು ಲೇಸು.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆ ಕೋರಿ ಬೇರೆ ಅರ್ಜಿ ಕೊಡಬೇಕು. ತಡೆ ನೀಡಲು ಸಾಮಾನ್ಯವಾಗಿ ತಗಾದೆಯ ಒಂದು ಭಾಗ ಕಟ್ಟುವಂತೆ ಕೇಳುತ್ತಾರೆ; 2017ರ ಜುಲೈ ತಿಂಗಳ ಇಲಾಖಾ ಸೂಚನೆಯಲ್ಲಿ ಇದು ಶೇಕಡ 20 ಆಗಿತ್ತು. ಆಯುಕ್ತರ ಆದೇಶದ ಮೇಲೆ ನ್ಯಾಯಮಂಡಳಿಗೂ, ಕಾನೂನಿನ ಪ್ರಶ್ನೆ ಇದ್ದರೆ ಉಚ್ಚ ನ್ಯಾಯಾಲಯಕ್ಕೂ ಹೋಗಬಹುದು.

ಬಿತ್ತನೆಗೆ ಹದ ತಪ್ಪಿದರೆ ಬೆಳೆ ಹೋದಂತೆ, ನೋಟೀಸಿಗೆ ದಿನ ತಪ್ಪಿದರೆ ಹಕ್ಕು ಹೋಗುತ್ತದೆ. ಮಂಡಿಯ ಪಟ್ಟಿಯನ್ನು ಬಿಸಾಡದೆ ಪಹಣಿಯೊಡನೆ ಒಂದು ಕಡತದಲ್ಲಿ ಇಟ್ಟುಬನ್ನಿ. ಕಷ್ಟಕಾಲದಲ್ಲಿ ಕೈಹಿಡಿಯುವ ಸಾಕ್ಷಿ ಅದೇ.