ಮಿದುಳಿನ ಗದ್ದಲದಲ್ಲಿ ಒಂದು ಪಿಸುಮಾತು

ಮೂರು ತಿಂಗಳ ಕೂಸಿಗೆ ಕಿವಿ ಕೇಳುತ್ತದೆಯೋ ಇಲ್ಲವೋ ತಿಳಿಯುವುದು ಹೇಗೆ? ಮನೆಯ ಹಿರಿಯರು ಹಿಂದೆ ನಿಂತು ತಟ್ಟೆ ಬಡಿಯುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮಗು ಬೆಚ್ಚಿದರೆ ಸಮಾಧಾನ. ಆದರೆ ಬೆಚ್ಚಿದ್ದು ಸದ್ದಿಗೋ, ತೊಟ್ಟಿಲು ಅಲುಗಿದ್ದಕ್ಕೋ ಹೇಳುವವರಾರು? ಮಾತು ಬಾರದ ಮಗುವಿನ ಬದಲು ಅದರ ಮಿದುಳನ್ನೇ ಕೇಳಬೇಕು.

ಮಿದುಳು ಉತ್ತರವನ್ನೇನೋ ಕೊಡುತ್ತದೆ. ಸದ್ದು ಕಿವಿಗೆ ಬಿದ್ದೊಡನೆ ನರದ ಹಾದಿಯಲ್ಲಿ ಪುಟ್ಟ ವಿದ್ಯುತ್ ಅಲೆಗಳು ಏಳುತ್ತವೆ. ನೆತ್ತಿಯ ಮೇಲೆ ಅಳೆದರೆ ಅವು ಒಂದು ವೋಲ್ಟಿನ 10 ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೇ ಜಾಗದಲ್ಲಿ ಮಿದುಳಿನ ಎಂದಿನ ಅಲೆಗಳು ಅದರ ಹತ್ತಾರು ಪಟ್ಟು ಎತ್ತರಕ್ಕೆ ಏರಿಳಿಯುತ್ತಿರುತ್ತವೆ. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಲೋಕಕ್ಕೆ ತಿಳಿಸಿದ್ದು ಈ ದೊಡ್ಡ ಅಲೆಗಳನ್ನು. ಆಂಪ್ಲಿಫೈಯರ್ ಜೋಡಿಸಿದರೆ ಪಿಸುಮಾತಿನ ಜೊತೆಗೆ ಗದ್ದಲವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಪ್ರಯೋಜನವಿಲ್ಲ.

ದಾರಿ ತೋರಿಸಿದವರು ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನರರೋಗ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾರ್ಜ್ ಡಾಸನ್. ಅವರು ಹಿಡಿದದ್ದು ಕಿವಿಯನ್ನಲ್ಲ, ಕೈಯನ್ನು. ಮಣಿಕಟ್ಟಿನ ನರಕ್ಕೆ ಸಣ್ಣದಾಗಿ ವಿದ್ಯುತ್ ಮುಟ್ಟಿಸಿ ತಲೆಯ ಮೇಲೆ ಉತ್ತರ ಹುಡುಕಿದರು. ಒಂದೊಂದೇ ಗೆರೆ ನೋಡಿದರೆ ಏನೂ ಕಾಣದು. 1947ರಲ್ಲಿ ಅವರು ಹತ್ತಾರು ಗೆರೆಗಳನ್ನು ಒಂದರ ಮೇಲೊಂದು ಬೀಳುವಂತೆ ಒಂದೇ ಫೋಟೋದಲ್ಲಿ ಹಿಡಿದರು. ಗೋಜಲಿನ ನಡುವೆ ಒಂದು ಉಬ್ಬು ಕಾಣಿಸಿಕೊಂಡಿತು.

ಕಾರಣ ಸರಳ. ವಿದ್ಯುತ್ ಮುಟ್ಟಿಸಿದ ಕ್ಷಣದಿಂದ ಎಣಿಸಿದರೆ ಉತ್ತರ ಪ್ರತಿಸಲವೂ ಅದೇ ಹೊತ್ತಿಗೆ ಬರುತ್ತದೆ. ಗದ್ದಲಕ್ಕೆ ಆ ಶಿಸ್ತಿಲ್ಲ; ಒಮ್ಮೆ ಮೇಲಿದ್ದರೆ ಇನ್ನೊಮ್ಮೆ ಕೆಳಗೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಉತ್ತರ ಉಳಿಯುತ್ತದೆ, ಗದ್ದಲ ಸವೆಯುತ್ತದೆ. ಸವೆಯುವುದು ವರ್ಗಮೂಲದ ಲೆಕ್ಕದಲ್ಲಿ: 100 ಸಲಕ್ಕೆ ಹತ್ತನೆಯ ಒಂದು ಪಾಲು. ನೂರನೆಯ ಒಂದು ಪಾಲಿಗೆ ಇಳಿಸಬೇಕಾದರೆ 10,000 ಸಲ ಬೇಕು. ಜುಗ್ಗನ ಲೆಕ್ಕ!

ಕೈಯಲ್ಲಿ ಕೂಡಿಸುವ ಮಾತೇ ಇಲ್ಲ. 1951ರಲ್ಲಿ ಡಾಸನ್ ಅದಕ್ಕೊಂದು ಯಂತ್ರ ಮಾಡಿ ತೋರಿಸಿದರು. ಮೋಟಾರಿನಿಂದ ತಿರುಗುವ ಸ್ವಿಚ್ಚು, ಅದರ ಸುತ್ತ ಕೆಪಾಸಿಟರ್‌ಗಳು. ಸಾಲಾಗಿ ಇಟ್ಟ ಹುಂಡಿಗಳು ಎನ್ನಿ. ಉತ್ತರದ ಮೊದಲ ಗಳಿಗೆಯ ವಿದ್ಯುತ್ತು ಮೊದಲ ಹುಂಡಿಗೆ, ಎರಡನೆಯದು ಎರಡನೆಯದಕ್ಕೆ. ಸ್ವಿಚ್ಚು ತಿರುಗಿದಂತೆಲ್ಲ ಅದೇ ಹುಂಡಿಗೆ ಅದೇ ಗಳಿಗೆಯ ಪಾಲು. ಕೊನೆಗೆ ಹುಂಡಿಗಳನ್ನು ಒಂದೊಂದಾಗಿ ಒಡೆದು ಎಣಿಸಿದರೆ ಅಲೆಯ ಆಕಾರ ಸಿಕ್ಕಿತು.

ಹತ್ತು ವರ್ಷದಲ್ಲಿ ಆ ಕೆಲಸ ಕಂಪ್ಯೂಟರಿಗೆ ಹೋಯಿತು. ಅಮೆರಿಕದಲ್ಲಿ ವೆಸ್ಲಿ ಕ್ಲಾರ್ಕ್ ಮತ್ತು ಚಾರ್ಲ್ಸ್ ಮಾಲ್ನರ್ 1962ರಲ್ಲಿ ರೂಪಿಸಿದ 'ಲಿಂಕ್' ಜೀವವಿಜ್ಞಾನದ ಪ್ರಯೋಗಾಲಯಗಳಿಗೆಂದೇ ಮಾಡಿದ ಸಣ್ಣ ಕಂಪ್ಯೂಟರ್. ಸಂಶೋಧಕರು ಯಂತ್ರದ ಮುಂದೆ ತಾವೇ ಕುಳಿತು, ಪ್ರಯೋಗ ನಡೆಯುತ್ತಿರುವಾಗಲೇ ಸರಾಸರಿ ಮೂಡುವುದನ್ನು ನೋಡಬಹುದಾಯಿತು. ಮರುವರ್ಷ ಹಲವು ಪ್ರಯೋಗಾಲಯದವರು ಬಂದು ತಮ್ಮ ಯಂತ್ರಗಳನ್ನು ತಾವೇ ಜೋಡಿಸಿಕೊಂಡು ಹೋದರು. 1971ರಲ್ಲಿ ಡಾನ್ ಜ್ಯೂವೆಟ್ ಮತ್ತು ಜಾನ್ ವಿಲಿಸ್ಟನ್, ಸದ್ದಾದ 10 ಮಿಲಿಸೆಕೆಂಡಿನೊಳಗೆ ಏಳುವ ಅಲೆಗಳ ಸಾಲನ್ನು ಮನುಷ್ಯರ ನೆತ್ತಿಯಿಂದ ದಾಖಲಿಸಿ ವಿವರಿಸಿದರು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ನಡೆಯುವ 'ಬೇರಾ' ಪರೀಕ್ಷೆ ಇದೇ. ಮಗುವಿನ ಕಿವಿಯಲ್ಲಿ ಟಕ್ ಟಕ್ ಎಂಬ ಸದ್ದು ಸಾವಿರ, ಎರಡು ಸಾವಿರ ಸಲ. ಸದ್ದನ್ನು ತಗ್ಗಿಸುತ್ತ ಹೋಗಿ, ಐದನೆಯ ಅಲೆ ಎಲ್ಲಿ ಮಾಯವಾಗುತ್ತದೆಂದು ನೋಡುತ್ತಾರೆ. ಸದ್ದಿನ ವೇಗ ಹಲವೆಡೆ ಸೆಕೆಂಡಿಗೆ 11.1 ಎಂಬಂತೆ ವಿಚಿತ್ರವಾಗಿರುತ್ತದೆ. ಸರಿಯಾಗಿ 10 ಇಟ್ಟರೆ, ಸೆಕೆಂಡಿಗೆ 50 ಸಲ ಮಿಡಿಯುವ ನಮ್ಮ ಮನೆಗಳ ಕರೆಂಟು ಪ್ರತಿಸಲವೂ ಸದ್ದಿನೊಂದಿಗೆ ಹೆಜ್ಜೆ ಹಾಕಿ ತಾನೂ ಹುಂಡಿ ಸೇರುತ್ತದೆ!

ಯಂತ್ರಕ್ಕೂ ಮಿತಿಯಿದೆ. ಪ್ರತಿಸಲದ ಉತ್ತರ ಒಂದೇ ಎಂದು ಅದು ನಂಬುತ್ತದೆ. ಮಿದುಳು ಬೇಸತ್ತರೆ, ಎಚ್ಚರ ತಪ್ಪಿದರೆ ಆ ವ್ಯತ್ಯಾಸ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಗಮನ, ನೆನಪುಗಳನ್ನು ಅಧ್ಯಯನ ಮಾಡುವವರಿಗೆ ಇದು ಸಣ್ಣ ನಷ್ಟವಲ್ಲ. ಮಿದುಳಿನ ಬುಡದ ಅಲೆಗಳು ಮಾತ್ರ ನಿದ್ದೆಯಲ್ಲೂ ಬದಲಾಗುವುದಿಲ್ಲ. ಅಳುವ ಮಗುವಿನ ಕತ್ತಿನ ಸ್ನಾಯುಗಳ ಗದ್ದಲವೇ ಪರೀಕ್ಷಕರಿಗೆ ದೊಡ್ಡ ತಲೆನೋವು. ಅದಕ್ಕೇ ಅವರು ತಾಯಂದಿರಿಗೆ ಮೊದಲು ಹೇಳುವುದು, ಹಾಲು ಕುಡಿಸಿ ಮಲಗಿಸಿ ಎಂದು.